ಏಕವಚನದ ಅಳಿಯ

ಒಂದು ಕಾಲಿನ ಚಪ್ಪಲಿ ಬಿಚ್ಚಿಯಾಗಿತ್ತು, ಇನ್ನೊಂದರ ಬಕಲಿಗೆ ಬೆರಳು ಹಾಕಿ ಬಗ್ಗಿದ್ದ, ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. "ಅಳಿಯನ ಕಥೆ ಮುಗೀತು ಕಣೇ ಅಕ್ಕ." ಬಗ್ಗಿದವನು ಬಗ್ಗಿದ ಹಾಗೆಯೇ ನಿಂತ. ಬ್ರೆಡ್ಡು ತರಲೆಂದು ಹೊರಟವನು ಚೀಲ ಮರೆತು ಅರ್ಧ ದಾರಿಯಿಂದ ವಾಪಸು ಬಂದಿದ್ದ. ಬೀಗದ ಕೈ ಜೇಬಿನಲ್ಲೇ ಇದ್ದದ್ದರಿಂದ ಕರೆಗಂಟೆ ಒತ್ತಿರಲಿಲ್ಲ. ಅತ್ತೆ ದೂರವಾಣಿ ಕೇಂದ್ರದಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಫೋನು ಕೈಗೆ ಬಂದರೆ ಸಾಕು, ಅವರ ದನಿ ತಾನಾಗಿ ಬಿಗಿಯಾಗಿ, ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ, ಗೋಡೆಯಾಚೆಗೂ. "ಬಂದ ಹೊಸದರಲ್ಲಿ ಎಷ್ಟು ಚೆನ್ನಾಗಿದ್ದ! ಸದ್ದಿಲ್ಲ ಗದ್ದಲವಿಲ್ಲ, ತನ್ನ ಪಾಡಿಗೆ ತಾನು. ಈಗ ನೋಡು, ಬೆಳಿಗ್ಗೆ ಎದ್ರೆ ಬರೀ ಗೊಣಗಾಟ. ಮಾಡಿದ ಕೆಲಸಾನೂ ಅರ್ಧಂಬರ್ಧ, ಮತ್ತೆ ನಾನೇ ಮಾಡ್ಬೇಕು. ಎಲ್ಲಾನೂ ಹೊಟ್ಟೇಲೇ ಇಟ್ಕೋತಾನೆ, ಹೊರಗೆ ಬಿಡಲ್ಲ. ಹ್ಞೂಂ… ಹ್ಞೂಂ, ಅವಳೂ ಒಪ್ಪಿದಾಳೆ. ಎಷ್ಟು ದಿನ ಅಂತ ಇಟ್ಕೊಳ್ಳೋದು ಹೇಳು? ಶನಿವಾರ ಬಂದು ಎತ್ಕೊಂಡು ಹೋಗ್ತಾರಂತೆ." ಅತ್ತ ಕಡೆಯಿಂದ ದೊಡ್ಡತ್ತೆ ಏನೋ ಹೇಳಿರಬೇಕು, ಇತ್ತ ಅತ್ತೆ ಕಿಸಕ್ಕನೆ ನಕ್ಕರು. ಆ ನಗು ಅವನಿಗೆ ಮಾತಿಗಿಂತ ಹೆಚ್ಚು ನಾಟಿತು.

ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದು, ಮೆಟ್ಟಿಲ ಮೇಲೆ ಬಂದು ಕೂತ. ಎತ್ತಿಕೊಂಡು ಹೋಗುತ್ತಾರೆ ಎಂದರೆ ಏನು? ತಾನೇನು ಕಪಾಟೇ, ಎತ್ತಿಕೊಂಡು ಹೋಗಲು? ಅಣ್ಣನಿಗೆ ಹೇಳಿರಬೇಕು. ಅಣ್ಣನ ಬಳಿ ಸಾಮಾನು ಸಾಗಿಸುವ ಸಣ್ಣ ಲಾರಿಯಿದೆ. ಶನಿವಾರ ಬಂದು ಪುಸ್ತಕದ ಪೆಟ್ಟಿಗೆ, ಹಾಸಿಗೆ, ಕಿರಿಯ ತಮ್ಮ ಎಲ್ಲವನ್ನೂ ಹಿಂದೆ ಹಾಕಿಕೊಂಡು ಹೊರಟುಬಿಡುತ್ತಾನೆ. ಬಾಡಿಗೆ ಮನೆಯನ್ನು ಕೆಡವಿ ಕಟ್ಟುತ್ತೇವೆಂದು ಮನೆಯ ಮಾಲೀಕರು ಹೇಳಿದಾಗ ನಾಲ್ಕು ದಿನದ ಮಟ್ಟಿಗೆ ಎಂದು ಅತ್ತೆಯ ಮನೆಗೆ ಬಂದದ್ದು ನಿಜ. ಆ ನಾಲ್ಕು ದಿನ ಹಿಗ್ಗುತ್ತಾ ಹೋಗಿ ಗೋಡೆಯ ಕ್ಯಾಲೆಂಡರೇ ಬದಲಾಯಿತು ಎಂಬುದೂ ನಿಜ. ಆದರೆ ಒಂದು ದಿನವಾದರೂ ಅತ್ತೆ ಮುಖ ಸಿಂಡರಿಸಿದವರಲ್ಲ. "ಬನ್ನಿ, ಕೂತ್ಕೊಳ್ಳಿ, ಊಟಕ್ಕೆ ಏಳಿ, ಇನ್ನೊಂಚೂರು ಹಾಕ್ಲಾ?" ಎಲ್ಲವೂ ಬಹುವಚನ, ಇಸ್ತ್ರಿ ಮಾಡಿ ಮಡಿಸಿಟ್ಟಂಥ ಬಹುವಚನ. ಎದುರಿಗೆ ನೀವು, ಬೆನ್ನ ಹಿಂದೆ ಅವನು! ಅವನು ಎಂದದ್ದಕ್ಕೆ ಬೇಸರವಲ್ಲ. ಹೆಂಡತಿ ಅವನನ್ನು ಮೊದಲ ದಿನದಿಂದ ನೀನು ಎಂದೇ ಕರೆದವಳು, ಅದು ಅವನಿಗೆ ಹಿತವೇ. ಅತ್ತೆಯೂ ಒಂದು ದಿನ ಬಾಯಿತಪ್ಪಿಯಾದರೂ ಬಾರೋ ಅಂದಾರು ಎಂದು, ಯಾರಿಗೂ ಹೇಳದ ಒಂದು ಆಸೆ ಅವನಿಗಿತ್ತು. ಅದು ಕೊನೆಗೂ ಬಂತು, ಆದರೆ ಹೀಗೆ ಬಂತು. ಚಿಕ್ಕಂದಿನಲ್ಲಿ ತರಗತಿಯಿಂದ ಹೊರಗೆ ನಿಲ್ಲಿಸಿದಾಗ ಕಿಟಕಿಯ ಮೂಲಕ ಒಳಗಿನ ಪಾಠ ಕೇಳಿಸುತ್ತಿತ್ತು. ಒಳಗಿದ್ದಾಗ ಅರ್ಥವಾಗದ ಲೆಕ್ಕ ಹೊರಗೆ ನಿಂತಾಗ ಸಲೀಸಾಗಿ ಅರ್ಥವಾಗುತ್ತಿತ್ತು. ಈಗಲೂ ಹಾಗೆಯೇ. ಗೊಣಗಾಟ ನಿಜ, ಬೆಳಿಗ್ಗೆ ತಾನು ಗೊಣಗುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೂ ನಿಜ, ಹೆಂಡತಿಯೂ ಅದನ್ನೇ ಹೇಳುತ್ತಾಳೆ. ಅರ್ಧಂಬರ್ಧ ಕೆಲಸ? ಹಿಂದಿನ ವಾರ ತೆರೆದಿಟ್ಟ ಬಣ್ಣದ ಡಬ್ಬಿ ಇನ್ನೂ ಬಾಲ್ಕನಿಯಲ್ಲಿ ಒಣಗುತ್ತಿದೆ. ಒಂದೊಂದೇ ಆಪಾದನೆಯನ್ನು ಬೆಳಕಿಗೆ ಹಿಡಿದು ನೋಡಿದ, ಎಲ್ಲವೂ ತನಗೆ ಸರಿಯಾಗಿ ಕೂರುತ್ತಿದ್ದವು.

ಬೆಳಕಿಗೆ ಹಿಡಿದು ನೋಡುವುದು ಅವನ ಕಸುಬು. ಕನ್ನಡಕದ ಅಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಕೂತು ಜನರ ಕಣ್ಣು ಪರೀಕ್ಷೆ ಮಾಡುತ್ತಾನೆ. ಒಂದು ಗಾಜು ಇಟ್ಟು "ಇದಾ?" ಎನ್ನುತ್ತಾನೆ, ಅದನ್ನು ತೆಗೆದು ಇನ್ನೊಂದು ಇಟ್ಟು "ಅದಾ?" ಎನ್ನುತ್ತಾನೆ. ಗಿರಾಕಿ "ಇದು" ಅಂದರೆ ಇದು, "ಅದು" ಅಂದರೆ ಅದು. ಅವನು ತನ್ನದೊಂದು ಅಭಿಪ್ರಾಯ ಹೇಳುವ ಪ್ರಸಂಗವೇ ಬರುವುದಿಲ್ಲ, ಆದ್ದರಿಂದಲೇ ಆ ಕೆಲಸ ಅವನಿಗೆ ಒಗ್ಗಿತ್ತು. ಒಮ್ಮೆ ಅಂಗಡಿಯ ಯಜಮಾನರು ಅವನನ್ನು ಪಕ್ಕಕ್ಕೆ ಕರೆದು, "ನೋಡಿ, ಗಿರಾಕಿಯೊಬ್ಬರು ದೂರು ಹೇಳಿದಾರೆ. ನೀವು ಕಣ್ಣು ಮಾತ್ರ ನೋಡ್ತೀರಂತೆ, ಮುಖ ನೋಡಲ್ಲವಂತೆ" ಎಂದಿದ್ದರು. ಅವನು ಅಂದು ಮನೆಗೆ ಬರುವ ದಾರಿಯುದ್ದಕ್ಕೂ, ಕಣ್ಣು ಮುಖದಲ್ಲಿ ತಾನೇ ಇರೋದು, ಎಂದು ಯಜಮಾನರಿಗೆ ಕೊಡಬೇಕಾಗಿದ್ದ ಉತ್ತರವನ್ನು ಕಟ್ಟುತ್ತಾ ಬಂದಿದ್ದ. ಆ ಉತ್ತರವೂ ಹೊಟ್ಟೆಯಲ್ಲೇ ಉಳಿಯಿತು.

ಫೋನು ತೆಗೆದು ಹೆಂಡತಿಗೆ ಹಚ್ಚಿದ. ಅವಳು ಶಾಲೆಯೊಂದರಲ್ಲಿ ಆಟದ ಮೇಷ್ಟ್ರು. ಸ್ವತಃ ಅವಳೇ ಹಾಗೆ ಹೇಳಿಕೊಳ್ಳುತ್ತಾಳೆ. ಮೈದಾನದ ಗದ್ದಲ, ಸೀಟಿ, ಮತ್ತೆ ಸೀಟಿ. "ಶನಿವಾರದ ವಿಷಯ…" ಎಂದ. "ಅಯ್ಯೋ, ಅಮ್ಮ ಹೇಳಿಬಿಟ್ರಾ?" ಎಂದಳು ಅವಳು, ಏದುಸಿರಿನಲ್ಲಿ. "ನಿನಗೆ ಗೊತ್ತಾಗೋದೇ ಬೇಡ ಅಂತ ಅವರೇ ಹಟ ಹಿಡಿದಿದ್ರು." "ನೀನೂ ಒಪ್ಪಿದೀಯಾ?" "ಒಪ್ಪದೆ ಇನ್ನೇನು ಮಾಡ್ಲಿ? ಅಮ್ಮನ ಅವಸ್ಥೆ ನೋಡೋಕಾಗಲ್ಲ. ನನಗೇನೋ ಇನ್ನೂ ಸ್ವಲ್ಪ ದಿನ ಓಡಿಸಬಹುದಿತ್ತು ಅನ್ಸುತ್ತೆ. ಏಯ್, ಗೆರೆ ದಾಟ್ಬೇಡ! ನಿನಗಲ್ಲ. ಆಮೇಲೆ ಮಾತಾಡ್ತೀನಿ, ಇಲ್ಲೊಬ್ಳು ಮಂಡಿ ತರಚಿಕೊಂಡ್ಳು." ಫೋನು ಕಟ್ಟಾಯಿತು. ಓಡಿಸಬಹುದಿತ್ತು! ಅವನು ಮೆಟ್ಟಿಲ ಮೇಲೆ ಕೂತು ಆ ಪದವನ್ನು ತಿರುಗಿಸಿ ಮುರುಗಿಸಿ ನೋಡಿದ. ಅಷ್ಟರಮಟ್ಟಿಗಾದರೂ ಅವಳು ತನ್ನ ಪರ ಇದ್ದಾಳೆ ಎಂದು ಸಮಾಧಾನ ಮಾಡಿಕೊಳ್ಳಲು ಹೋದ, ಆಗಲಿಲ್ಲ. ಮೇಲಿನ ಮಹಡಿಯಿಂದ ಇಳಿದು ಬಂದ ಮುದುಕರೊಬ್ಬರು ಅವನ ಮುಂದೆ ನಿಂತು, "ಬೀಗದ ಕೈ ಕಳ್ಕೊಂಡ್ರಾ?" ಎಂದು ವಿಚಾರಿಸಿದರು. "ಇಲ್ಲ, ಇದೆ" ಎಂದು ಜೇಬಿನಿಂದ ತೆಗೆದು ತೋರಿಸಿದ. ಅವರು ಕೀಲಿಯನ್ನೂ ಅವನನ್ನೂ ನೋಡಿ ಇಳಿದು ಹೋದರು. ಇನ್ನು ಕೂತರೆ ಮರ್ಯಾದೆಯಲ್ಲ ಎಂದು ಎದ್ದ. ಕಳಿಸುವ ಮುಂಚೆ ತಾನೇ ಹೊರಟುಬಿಡಬೇಕು. ಆ ಒಂದು ನಿರ್ಧಾರದಿಂದ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಈ ಸಲ ಕರೆಗಂಟೆ ಒತ್ತಿಯೇ ಒಳಗೆ ಹೋದ. "ಬ್ರೆಡ್ಡು ಸಿಗಲಿಲ್ವಾ? ಬನ್ನಿ, ಬನ್ನಿ, ಬಿಸಿಲಲ್ಲಿ ಬಂದಿದೀರಿ" ಎಂದು ಅತ್ತೆ ಅಡುಗೆಮನೆಗೆ ಹೋಗಿ ನೀರು ತಂದರು. ದಪ್ಪ ತಳದ ಗಾಜಿನ ಲೋಟ. ಅವನ ಕೈ ಅವನನ್ನು ಕೇಳದೆಯೇ ಎದ್ದು ಲೋಟವನ್ನು ಕಿಟಕಿಯ ಕಡೆ ಹಿಡಿಯಿತು. ಗಾಜಿನ ಮೈಮೇಲೆ ತೆಳ್ಳಗೆ ಬೂದಿ ಬಳಿದಂತೆ ಮಸುಕು. ಇನ್ನೊಂದು ಕೈ ಅಂಗಿಯ ಅಂಚನ್ನು ಎಳೆದು ಲೋಟದ ಕಂಠ ಒರೆಸಿತು. ಅಂಗಡಿಯಲ್ಲಿ ದಿನಕ್ಕೆ ಅದೆಷ್ಟು ಸಲವೋ ಮಾಡುವ ಕೆಲಸ, ಉಸಿರಾಡುವುದು ಯಾರ ಗಮನಕ್ಕೆ ಬರುತ್ತದೆ? ಅತ್ತೆ ಬೇರೆಲ್ಲೋ ನೋಡಿದರು. ಅವನು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಮೆಟ್ಟಿಲ ಮೇಲೆ ಸಿದ್ಧಪಡಿಸಿದ್ದ ವಾಕ್ಯವನ್ನು ಹೇಳಿದ. "ಅತ್ತೆ, ಶನಿವಾರದೊಳಗೆ ನಾವು ಬೇರೆ ಮನೆಗೆ ಹೋಗ್ತೀವಿ." ಅತ್ತೆಯ ಕೈ ಲೋಟಕ್ಕಾಗಿ ಚಾಚಿದ್ದು ಅಲ್ಲೇ ನಿಂತಿತು. ಅವರು ಏನೋ ಕೇಳಲು ಹೋದರು, ಲೋಟದ ಕಡೆ ನೋಡಿದರು, ಬಾಯಿ ಮುಚ್ಚಿಕೊಂಡರು. "ಹಾಗೇ ಆಗ್ಲಿ. ನಿಮಗೆ ಎಲ್ಲಿ ಅನುಕೂಲವೋ ಅಲ್ಲಿ" ಎಂದರು ಕೊನೆಗೆ, ಆಪರೇಟರ್ ದನಿಯಲ್ಲಿ. ಲೋಟ ತೆಗೆದುಕೊಂಡು ಒಳಗೆ ಹೋಗಿ, ಅದನ್ನಿಟ್ಟು, ತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಒಂದು ಮಾತು ತಡೆಯಲಿಲ್ಲ! ಇರಿ ಎನ್ನಲಿಲ್ಲ! ಅವನಿಗೆ ಅಳು ಬರುವಂತಾಯಿತು, ಜೊತೆಗೆ, ನೋಡಿದೆಯಾ ಹೇಳಿದ್ದೆನಲ್ಲ, ಎಂದು ತನ್ನೊಡನೆ ತಾನೇ ಕಟ್ಟಿದ ಪಂದ್ಯ ಗೆದ್ದ ಒಂದು ಕೆಟ್ಟ ಖುಷಿಯೂ ಆಯಿತು.

ಅಡುಗೆಮನೆಯಲ್ಲಿ ಡಿಶ್‌ವಾಷರಿನ ಬಾಗಿಲು ಅರ್ಧ ತೆರೆದಿತ್ತು. ತಳದಲ್ಲಿ ಕೊಳೆನೀರು ನಿಂತಿತ್ತು, ಅದರ ಮೇಲೆ ಒಂದು ನಿಂಬೆಬೀಜ ದೋಣಿಯ ಹಾಗೆ ತೇಲುತ್ತಿತ್ತು. ಕೆಲವು ದಿನಗಳಿಂದ ಅದು ಹೀಗೆಯೇ. ನೀರು ಹೊರಗೆ ಬಿಡುವುದಿಲ್ಲ, ಬಿಡುವ ಹೊತ್ತಿಗೆ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತದೆ, ಮೇಲಿನ ಸಾಲಿನ ಪಾತ್ರೆ ಅರ್ಧಂಬರ್ಧ ತೊಳೆಯುತ್ತದೆ. ಅವನು ಅದರೆದುರು ಕುಕ್ಕರುಗಾಲಲ್ಲಿ ಕೂತು ನೋಡುತ್ತಾ ಇದ್ದ. ನಿನಗಾದರೂ ಒಂದು ಗತಿ ಕಾಣಿಸಿ ಹೋಗುತ್ತೇನೆ ಎಂದುಕೊಂಡ. ಹೋಗುವವನು ಒಂದು ಒಳ್ಳೆಯ ಕೆಲಸ ಪೂರ್ತಿಯಾಗಿ ಮಾಡಿ ಹೋದ ಎಂದಾಗಲಿ. ಅವನ ಮನಸ್ಸು ಆಗಲೇ ಮುಂದಿನ ತಿಂಗಳಿಗೆ ಓಡಿ, ಅತ್ತೆ ಫೋನಿನಲ್ಲಿ "ಏನೇ ಆಗ್ಲಿ ಅಕ್ಕ, ಅಳಿಯ ಹೋಗ್ತಾ ಹೋಗ್ತಾ ಮೆಷೀನು ಸರಿಮಾಡಿ ಹೋದ, ನಾವೇ ಅವನನ್ನ ಅರ್ಥ ಮಾಡ್ಕೊಳ್ಳಲಿಲ್ಲ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡಿತು. ಆ ದೃಶ್ಯ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಇನ್ನೊಮ್ಮೆ ಮೊದಲಿನಿಂದ ನೋಡಿದ. ಆಮೇಲೆ ಅಂಗಿಯ ತೋಳು ಮಡಿಸಿ, ಮೊದಲು ಪ್ಲಗ್ಗು ಕಿತ್ತ.

ಪೈಪು ಮಡಿಚಿರಬಹುದು ಎಂಬುದು ಮೊದಲ ಅನುಮಾನ. ಮೆಷೀನನ್ನು ಎರಡು ಕಡೆ ಹಿಡಿದು ಮುಂದಕ್ಕೆ ಎಳೆದರೆ ನೆಲದ ಮೇಲೆ ಕಿರ್ರೆಂದಿತು. ಹಿಂದೆ ಬಗ್ಗಿ ನೋಡಿದ. ಕೊಳೆನೀರಿನ ಪೈಪು ಗೋಡೆಗೂ ಮೆಷೀನಿಗೂ ನಡುವೆ ಸಿಕ್ಕು ಚಪ್ಪಟೆಯಾಗಿತ್ತು. ಗೋಡೆಗೆ ಅಷ್ಟು ಒತ್ತಿ ಇಟ್ಟವರು ಯಾರು? ಅವನೇ. ಈ ಮನೆಗೆ ಬಂದ ದಿನ ಪುಸ್ತಕದ ಪೆಟ್ಟಿಗೆಗೆ ಜಾಗವಿಲ್ಲದೆ, ಅತ್ತೆ ಬೇಡಬೇಡವೆಂದರೂ, ಸೊಂಟ ಕೊಟ್ಟು ಹಿಂದಕ್ಕೆ ನೂಕಿದ್ದ. ಪೆಟ್ಟಿಗೆ ಇನ್ನೂ ಅಲ್ಲೇ ಇದೆ, ಅದರ ಮೇಲೆ ಅತ್ತೆ ಈರುಳ್ಳಿ ಬುಟ್ಟಿ ಇಟ್ಟಿದ್ದಾರೆ. ಪೆಟ್ಟಿಗೆಯನ್ನು ಬಾಲ್ಕನಿಗೆ ಸಾಗಿಸಿ, ಪೈಪನ್ನು ಬಿಸಿನೀರಿನ ಬಟ್ಟೆಯಿಂದ ಒತ್ತಿ ಉಬ್ಬಿಸಿ, ನೆಟ್ಟಗೆ ಮಾಡಿ, ಪ್ಲಗ್ಗು ಹಾಕಿ, ನೀರು ಹೊರಹಾಕುವ ಗುಂಡಿ ಒತ್ತಿದ. ಗರ್ರ್ ಗರ್ರ್ ಎಂದಿತೇ ಹೊರತು ನೀರು ಅಲ್ಲಾಡಲಿಲ್ಲ. ನಿಂಬೆಬೀಜ ಇದ್ದಲ್ಲೇ ಒಂದು ಸುತ್ತು ತಿರುಗಿ ಸುಮ್ಮನಾಯಿತು.

ಆ ಸದ್ದಿಗೆ ಕೋಣೆಯ ಬಾಗಿಲು ತೆರೆಯಿತು. "ಏನ್ಮಾಡ್ತಿದೀರಿ?" ಎಂದರು ಅತ್ತೆ ಹೊಸಲಲ್ಲಿ ನಿಂತು. ಅವರ ಮೂಗಿನ ತುದಿ ಕೆಂಪಾಗಿತ್ತು. ಅವನು ನೋಡಲಿಲ್ಲ, ಅವನ ತಲೆ ಮೆಷೀನಿನ ಒಳಗಿತ್ತು. "ರಿಪೇರಿ" ಎಂದ, ಡಬ್ಬಿಯೊಳಗಿನಿಂದ ಬಂದ ದನಿಯಲ್ಲಿ. "ಬಿಡಿ, ಬಟ್ಟೆಯೆಲ್ಲ ಗಲೀಜಾಗುತ್ತೆ. ಅದೇನು ಸರಿಹೋಗೋ ಹಾಗೆ ಕಾಣಲ್ಲ." "ಸರಿಹೋಗುತ್ತೆ. ಎಲ್ಲಾನೂ ಹೊಟ್ಟೇಲೇ ಇಟ್ಕೊಂಡವರು ಸರಿಹೋಗಲ್ಲ ಅಂತೇನಿಲ್ಲ" ಎಂದ. ಅತ್ತೆಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಒಂದು ಬಕೆಟ್ಟು, ಒಂದು ಹಳೆಯ ಬಟ್ಟಲು, ಒಂದು ಸ್ಪಂಜು ತಂದು ಅವನ ಪಕ್ಕ ಇಟ್ಟರು. ಅವನು ಬಟ್ಟಲಿನಿಂದ ಕೊಳೆನೀರು ಮೊಗೆದು ಬಕೆಟ್ಟಿಗೆ ಹಾಕಿದ. ಅವರು ಬಕೆಟ್ಟು ಒಯ್ದು ಚೆಲ್ಲಿ ಬಂದರು. ಮತ್ತೆ ಮೊಗೆದ. ಮಾತಿಲ್ಲದೆ ಇಬ್ಬರೂ ಹೀಗೆ ಕೆಲಸ ಮಾಡುವಾಗ ಒಂದು ವಿಚಿತ್ರ ನೆಮ್ಮದಿ ಅವನನ್ನು ಆವರಿಸಿತು, ಜಗಳವಾಡಿದ ಮಕ್ಕಳಿಬ್ಬರು ಒಂದೇ ಮಣ್ಣಿನಲ್ಲಿ ಆಡುವ ಹಾಗೆ. ಮರುಕ್ಷಣ ಶನಿವಾರ ನೆನಪಾಗಿ ನೆಮ್ಮದಿ ಹಾರಿಹೋಯಿತು.

ಪ್ಲಗ್ಗು ಮತ್ತೆ ಕಿತ್ತು, ತಳದ ಜಾಲರಿಯನ್ನು ಎಡಕ್ಕೆ ತಿರುವಿದರೆ ಕೈಗೆ ಬಂತು. ಅದರ ಕಣ್ಣುಗಳಲ್ಲಿ ಬಾಟಲಿಯ ಚೀಟಿಯ ಕಾಗದ ರಾಡಿಯಾಗಿ ಮೆತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಉಜ್ಜಿದ. ನೀರು ಚಿಮ್ಮುವ ತಿರುಗುಕೋಲನ್ನೂ ಬಿಚ್ಚಿ, ಅದರ ತೂತುಗಳನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿದ. ಮೇಲಿನ ಸಾಲಿಗೆ ನೀರು ಯಾಕೆ ಹತ್ತುತ್ತಿರಲಿಲ್ಲ ಎಂಬುದು ಅಲ್ಲಿಗೆ ತಿಳಿಯಿತು. ಆದರೆ ಗರ್ರೆನ್ನುವುದು ಇನ್ನೂ ಆಳದಲ್ಲಿ. ಜಾಲರಿಯ ಕೆಳಗೆ ಒಂದು ಪುಟ್ಟ ಮುಚ್ಚಳ, ಚಮಚದ ಹಿಡಿ ಹಾಕಿ ಎತ್ತಿದ, ಅದರಡಿ ಪಂಪಿನ ಚಿಕ್ಕ ಚಕ್ರ. ಚಕ್ರಕ್ಕೂ ಅದರ ಗೂಡಿಗೂ ನಡುವೆ ಏನೋ ಮೆತ್ತಗಿನದು ಸಿಕ್ಕಿಕೊಂಡಿತ್ತು. ಬೆರಳ ತುದಿಯಿಂದ ಹೊರಗೆ ಎಳೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದ, ಕಿವಿ ಬಿಸಿಯಾಯಿತು. ಕನ್ನಡಕದ ಮೂಗಿನ ಪ್ಯಾಡು. ಮೂಗಿನ ಮೇಲೆ ಕೂರುವ, ಅಕ್ಕಿಕಾಳಿಗಿಂತ ತುಸು ದೊಡ್ಡ, ಮೆತ್ತಗಿನ ಪಾರದರ್ಶಕ ತುಣುಕು. ಜಗತ್ತಿನಲ್ಲಿ ಬೇರೆ ಯಾರ ಅಂಗಿಯ ಜೇಬಿನಿಂದಲೂ ಇದು ಬಿದ್ದಿರಲು ಸಾಧ್ಯವಿಲ್ಲ. ಸಂಜೆ ಅಂಗಡಿಯಿಂದ ಬಂದು ಸಿಂಕಿನ ಮುಂದೆ ಬಗ್ಗಿ ಮುಖ ತೊಳೆಯುತ್ತಾನಲ್ಲ, ಪಕ್ಕದಲ್ಲಿ ಎಂಜಲು ಬಟ್ಟಲುಗಳು ಇರುತ್ತವಲ್ಲ, ಆಗ. ಪೈಪು ತನ್ನಿಂದ, ಪಂಪು ತನ್ನಿಂದ. ಮುಚ್ಚಿಟ್ಟುಕೊಂಡು ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದರ ಗತಿ ಏನಾಗುತ್ತದೆ ಎಂಬುದು ಎದುರಿಗೇ ಬಾಯಿ ತೆರೆದು ಕೂತಿತ್ತು. "ಅತ್ತೆ, ಕಳ್ಳ ಸಿಕ್ಕಿದ. ನನ್ನದೇ" ಎಂದು ಅಂಗೈ ಚಾಚಿದ. ಅತ್ತೆ ಬಗ್ಗಿ ನೋಡಿ, "ಇಷ್ಟಕ್ಕಾ ಅಷ್ಟು ರಂಪ!" ಎಂದು ಮೂಗಿನ ಮೇಲೆ ಬೆರಳಿಟ್ಟರು. ಎಲ್ಲವನ್ನೂ ಮತ್ತೆ ಜೋಡಿಸಿ, ಪ್ಲಗ್ಗು ಹಾಕಿ ಗುಂಡಿ ಒತ್ತಿದರೆ, ಗರ್ರಿಲ್ಲ. ಉಳಿದಿದ್ದ ನೀರು ಗಳಗಳನೆ ಸಿಂಕಿನ ಪೈಪಿನೊಳಗೆ ಇಳಿದು ಹೋಯಿತು. ಇಬ್ಬರೂ ಆ ಸದ್ದು ಮುಗಿಯುವವರೆಗೆ ಕಿವಿಗೊಟ್ಟು ಕೂತಿದ್ದರು. ಕೊನೆಯ ಗುಟುಕು ಇಳಿದಾಗ ಅತ್ತೆ ಚಪ್ಪಾಳೆ ತಟ್ಟಿದರು, ತಟ್ಟಿದವರು ತಕ್ಷಣ ಕೈ ಸೆರಗಿನೊಳಗೆ ಹಾಕಿಕೊಂಡರು.

ಇನ್ನು ಉಳಿದದ್ದು ಲೋಟದ ಮಸುಕು. ಇದು ಅವನ ಸ್ವಂತ ರಾಜ್ಯ. ಎಷ್ಟೋ ಜನ ನಂಬರು ಬದಲಾಗಿದೆ ಎಂದು ಗಾಬರಿಯಿಂದ ಬರುತ್ತಾರೆ. ನೋಡಿದರೆ ಗಾಜು ಕೊಳೆಯಾಗಿರುತ್ತದೆ, ಅಷ್ಟೇ. ಇನ್ನು ಕೆಲವರದು ನಿಜವಾಗಿಯೂ ಗೀರುಬಿದ್ದು ಸವೆದಿರುತ್ತದೆ, ಅದಕ್ಕೆ ಮದ್ದಿಲ್ಲ. ಹತ್ತಿಯನ್ನು ವಿನಿಗರಿನಲ್ಲಿ ಅದ್ದಿ ಲೋಟದ ಒಂದು ಬದಿಯನ್ನು ತಿಕ್ಕಿ ತೊಳೆದ. ತಿಕ್ಕಿದ ಕಡೆ ಗಾಜು ಫಳಫಳ, ಉಳಿದ ಕಡೆ ಬೂದಿ. "ನೋಡಿ ಅತ್ತೆ, ಲೋಟ ಕೆಟ್ಟಿಲ್ಲ. ನೀರಿನ ಸುಣ್ಣ ಮೇಲೆ ಕೂತಿದೆ. ಇದರೊಳಗೆ ಉಪ್ಪು ಹಾಕೋ ಒಂದು ಕುಳಿ ಇರುತ್ತೆ, ಉಪ್ಪಿದ್ರೆ ನೀರು ಮೆದುವಾಗುತ್ತೆ." ಮುಚ್ಚಳ ತಿರುವಿದ. ಖಾಲಿ. "ಉಪ್ಪೇ ಇಲ್ವಲ್ಲ! ಹಾಕ್ತಿರಲಿಲ್ವಾ?" ಅತ್ತೆ ಮೇಲಿನ ಕಪಾಟಿನಿಂದ ಒಂದು ಪೊಟ್ಟಣ ಇಳಿಸಿದರು, ದಪ್ಪ ಹರಳಿನ ಮೆಷೀನ್ ಉಪ್ಪು, ಬಾಯಿ ಕಟ್ಟಿಟ್ಟಿದ್ದು. "ಮೊದಲು ಹಾಕ್ತಿದ್ದೆ. ಆಮೇಲೆ ಡಾಕ್ಟರು ನನಗೇ ಉಪ್ಪು ಕಮ್ಮಿ ಮಾಡಿ ಅಂದ್ರು. ನಾನೇ ತಿನ್ನದ ಮೇಲೆ ಇವನಿಗೊಂದು ಯಾಕೆ ಅಂತ ನಿಲ್ಲಿಸಿಬಿಟ್ಟೆ."

"ಯಾರಿಗೆ?" ಎಂದ ಅವನು.

ಅತ್ತೆ ನಾಲಿಗೆ ಕಚ್ಚಿಕೊಂಡರು. "ಇದಕ್ಕೆ. ಮೆಷೀನಿಗೆ."

"ಇವನಿಗೆ ಅಂದ್ರಿ."

"ಬಾಯಿ ತಪ್ಪಿ ಬಂತು."

ಅವನು ನೆಲದ ನೀರಿನಲ್ಲೇ ಕುಂಡೆಯೂರಿ ಕೂತುಬಿಟ್ಟ. ಗೊಣಗಾಟ, ಅರ್ಧಂಬರ್ಧ, ಹೊಟ್ಟೆಯಲ್ಲೇ ಇಟ್ಕೋತಾನೆ, ಎಷ್ಟು ದಿನ ಅಂತ ಇಟ್ಕೊಳ್ಳೋದು. ಒಂದೊಂದೇ ಗಾಜು ಬದಲಾಗುತ್ತಾ ಹೋಗಿ, ಇದಾ, ಅದಾ, ಕಡೆಗೆ ಅಕ್ಷರ ಸ್ಪಷ್ಟವಾಗಿ ಮೂಡಿತು. "ಅತ್ತೆ, ಶನಿವಾರ ಬಂದು ಎತ್ಕೊಂಡು ಹೋಗೋರು ಯಾರು?" "ಹಳೇ ಸಾಮಾನಿನವನು. ನಿಮಗೆ ಯಾರು ಹೇಳಿದ್ರು?" "ನಮ್ಮಣ್ಣ ಅಲ್ವಾ?" "ನಿಮ್ಮಣ್ಣ ಯಾಕೆ ಬರ್ತಾರೆ?" ಎಂದವರು ಅವನ ಮುಖ ನೋಡಿದರು, ಬಾಗಿಲ ಕಡೆ ನೋಡಿದರು, ಮರೆತುಹೋಗಿದ್ದ ಚೀಲ ಇನ್ನೂ ಮೊಳೆಯಲ್ಲಿ ನೇತಾಡುತ್ತಿರುವುದನ್ನು ನೋಡಿದರು. ಜೀವಮಾನವೆಲ್ಲ ಊರ ಜನರ ಮಾತಿಗೆ ತಂತಿ ಜೋಡಿಸಿಕೊಟ್ಟವರಿಗೆ ಇದನ್ನು ಜೋಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಅಯ್ಯಯ್ಯೋ, ಫೋನಿನಲ್ಲಿ ಹೇಳಿದ್ದು ಕೇಳಿಸ್ಕೊಂಡ್ರಾ! ನೀವು ಅಂದ್ಕೊಂಡ್ರಾ!" ಎಂದು ಸ್ಟೂಲಿನ ಮೇಲೆ ಕುಸಿದು ನಗತೊಡಗಿದರು. ತಡೆದು ತಡೆದು ನಕ್ಕರು, ಅವನ ಒದ್ದೆ ಪ್ಯಾಂಟು ನೋಡಿ ಮತ್ತೆ ನಕ್ಕರು, ಕಣ್ಣಲ್ಲಿ ನೀರು ಬಂತು. ಅವನಿಗೂ ನಗು ಬಂತು. ಎದೆಯ ಮೇಲಿನ ಗೂಡ್ಸ್ ಲಾರಿ ಇಳಿದು ಹೋದಂತಾಯಿತು.

"ಇದು ಮನೆಗೆ ಬಂದ ದಿನಾನೇ ಅಕ್ಕ ಇಟ್ಟ ಹೆಸರು" ಎಂದರು ಅತ್ತೆ ಸುಧಾರಿಸಿಕೊಂಡು. "ನೋಡು, ಬಂದವನೇ ಒಳ್ಳೇ ಜಾಗ ಹಿಡಿದು ಕೂತ. ಬಿಸಿನೀರೇ ಆಗ್ಬೇಕು, ಉಪ್ಪು ಬೇರೆ, ಪುಡಿ ಬೇರೆ, ಏನು ಕೇಳಿದ್ರೂ ಹ್ಞೂಂ ಅಂತಾನೆ, ಇವನು ಮೆಷೀನಲ್ಲ, ಅಳಿಯ ಅಂದ್ಳು. ಆಮೇಲೆ ನಿಮ್ಮ ಮದುವೆ ಆಯ್ತು. ಹೆಸರು ಮೊದಲೇ ಖರ್ಚಾಗಿಹೋಗಿತ್ತು! ನಿಮ್ಮೆದುರಿಗೆ ಬಾಯಿ ತಪ್ಪಬಾರದು ಅಂತ ಎಷ್ಟು ಜೋಪಾನ ಮಾಡಿದೀವಿ." "ಹಾಗಾದ್ರೆ ನನ್ನ ವಿಷಯ ಮಾತಾಡುವಾಗ ಏನಂತೀರಿ?" "ಅವರು ಅಂತೀವಿ." "ಬರೀ ಅವರು?" "ಮತ್ತೇನನ್ನೋದು? ನಿಮ್ಮನ್ನ ಹೋಗಿ ಏಕವಚನದಲ್ಲಿ ಅನ್ನೋಕಾಗುತ್ತಾ?" ಅವನಿಗೆ ಮೆಷೀನಿನ ಮೇಲೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಒಳ್ಳೆಯ ಜಾಗ ಸಿಕ್ಕಿದ್ದೂ ಅದಕ್ಕೆ, ಏಕವಚನ ಸಿಕ್ಕಿದ್ದೂ ಅದಕ್ಕೆ.

ಅತ್ತೆಯ ನಗು ನಿಂತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ನೀವು ಹೋಗ್ತೀವಿ ಅಂದಾಗ ಲೋಟದ ಸಲುವಾಗಿ ಅಂದ್ಕೊಂಡೆ" ಎಂದರು. "ಯಾವ ಲೋಟ?" "ದಿನಾ ಹಿಡೀತೀರಲ್ಲ, ಬೆಳಕಿಗೆ. ನೀರು ಕೊಟ್ರೂ ಹಿಡೀತೀರಿ, ಹಾಲು ಕೊಟ್ರೂ ಹಿಡೀತೀರಿ. ಆಮೇಲೆ ಅಂಗಿಯಲ್ಲಿ ಒರೆಸ್ತೀರಿ. ನನಗೆ ಹೇಗಾಗುತ್ತೆ ಗೊತ್ತಾ? ಈ ಮನೇಲಿ ನಾನು ಕೊಟ್ಟ ಲೋಟ ಯಾರೂ ಒರೆಸಿ ಕುಡಿದಿರಲಿಲ್ಲ. ಇದರಿಂದ ತೆಗೆದು ಮತ್ತೆ ಕೈಯಲ್ಲಿ ತೊಳೀತೀನಿ, ಆದ್ರೂ ಹೋಗಲ್ಲ. ನೀವು ಬಾಯಿ ಬಿಟ್ಟು ಒಂದು ಮಾತು ಅನ್ನಲ್ಲ, ಹಿಡಿದು ನೋಡ್ತೀರಿ ಅಷ್ಟೇ. ಅದಕ್ಕೇ ಇವನನ್ನ ಕಳಿಸಿ ಹೊಸದು ತರೋಣ ಅಂತ ಮಗಳ ಹತ್ರ ಅಂದೆ. ನಿಮಗೆ ಹೇಳ್ಬೇಡ, ನಾಚಿಕೆ ಅಂದೆ." ಮೆಟ್ಟಿಲ ಮೇಲೆ ಕೂತು ಅರ್ಧ ಗಳಿಗೆಯಲ್ಲಿ ತಾನು ಅನುಭವಿಸಿದ್ದನ್ನು ಇವರು ಪ್ರತಿದಿನ ಬೆಳಿಗ್ಗೆ, ಲೋಟ ಕೈಗೆ ಕೊಟ್ಟು ನಿಂತ ಆ ಒಂದೇ ಉಸಿರಿನ ಹೊತ್ತಿನಲ್ಲಿ ಅನುಭವಿಸಿದ್ದಾರೆ. ತಾನು ಒಮ್ಮೆಯೂ ಅವರ ಕಡೆ ನೋಡಿಲ್ಲ. ಅವಮಾನ ತನಗೊಬ್ಬನಿಗೇ ಆಗುತ್ತದೆ ಎಂದು ತಿಳಿದಿದ್ದವನಿಗೆ, ತಾನೂ ಮಾಡಬಲ್ಲೆ ಎಂಬುದು ಹೊಸ ಸುದ್ದಿಯಾಗಿತ್ತು. "ಅದು ಚಟ ಅತ್ತೆ" ಎಂದ. "ಗಾಜು ಕಂಡರೆ ಕೈ ಏಳುತ್ತೆ. ಬಸ್ಸಿನ ಕಿಟಕೀನೂ ಒರೆಸ್ತೀನಿ. ನಿಮಗೆ ನೋವಾಗುತ್ತೆ ಅಂತ ಹೊಳೀಲೇ ಇಲ್ಲ. ತಪ್ಪಾಯ್ತು." "ಬಸ್ಸಿನ ಕಿಟಕಿನಾ?" ಎಂದರು ಅತ್ತೆ. "ಪಕ್ಕದವರದ್ದೂ" ಎಂದ. ಅವರಿಗೆ ಮತ್ತೆ ನಗು ಉಕ್ಕಿತು.

ಉಪ್ಪಿನ ಕುಳಿಗೆ ನೀರು ತುಂಬಿ ಉಪ್ಪು ಸುರಿದು, ಚೆಲ್ಲಿದ ಹರಳುಗಳನ್ನು ಒರೆಸಿ, ಲೋಟಗಳಿಗೆಲ್ಲ ಒಮ್ಮೆ ವಿನಿಗರಿನ ಸ್ನಾನ ಮಾಡಿಸಿ ಜೋಡಿಸಿದರು. ಹೇಗೆ ಜೋಡಿಸಬೇಕೆಂಬುದರ ಮೇಲೆ ಇಬ್ಬರಿಗೂ ಸಣ್ಣ ವಾದವೂ ಆಯಿತು. ಅತ್ತೆ ದೊಡ್ಡ ತಟ್ಟೆಯನ್ನು ತಿರುಗುಕೋಲಿಗೆ ಅಡ್ಡ ಇಟ್ಟಿದ್ದರು, ಅವನು "ಇದು ಇಲ್ಲಿ ಬೇಡ" ಎಂದ. ಅವನು ಆ ಮನೆಯಲ್ಲಿ ಯಾವುದಕ್ಕಾದರೂ ಬೇಡ ಎಂದದ್ದು ಅದೇ ಮೊದಲು. ಅತ್ತೆ ತಟ್ಟೆಯನ್ನು ಸುಮ್ಮನೆ ಆಚೆ ಸರಿಸಿದರು. ಬಾಗಿಲು ಹಾಕಿ ಗುಂಡಿ ಒತ್ತಿದಾಗ ಮೆಷೀನು ಸದ್ದಿಲ್ಲದೆ, ನಿದ್ದೆಹೋದವರ ಉಸಿರಿನಂತೆ ಕೆಲಸ ಹಿಡಿಯಿತು. ಅತ್ತೆ ಫೋನು ತೆಗೆದುಕೊಂಡರು, ಈ ಸಲ ಅವನ ಎದುರಿಗೇ. "ಅಕ್ಕ, ಆ ಹಳೇ ಸಾಮಾನಿನವನಿಗೆ ಬರೋದು ಬೇಡ ಅಂತ ಹೇಳಿಬಿಡ್ತೀನಿ. ಅಳಿಯ ಎಲ್ಲೂ ಹೋಗಲ್ಲ." ಅತ್ತ ಕಡೆಯಿಂದ ಏನೋ ಪ್ರಶ್ನೆ ಬಂತು. ಅತ್ತೆ ಅವನ ಒದ್ದೆ ಪ್ಯಾಂಟಿನ ಕಡೆ ನೋಡಿ, "ಇಬ್ರೂ ಕಣೇ. ಇಬ್ರೂ ಇಲ್ಲೇ ಇರ್ತಾರೆ" ಎಂದರು. ಆ 'ಇರ್ತಾರೆ' ಇಬ್ಬರು ಎಂಬುದಕ್ಕೆ ಬಂದ ಬಹುವಚನವೋ, ತನ್ನೊಬ್ಬನ ಮರ್ಯಾದೆಗೆ ಬಂದದ್ದೋ ಎಂದು ಅವನು ಯೋಚಿಸುತ್ತಾ ನೆಲ ಒರೆಸಿದ.

ಮೆಷೀನು ನಿಂತ ಮೇಲೂ ಬಾಗಿಲು ತೆರೆಯಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಕೊನೆಗೆ ಅತ್ತೆಯೇ ತೆರೆದರು. ಬಿಸಿ ಹಬೆ ಎದ್ದು ಇಬ್ಬರ ಮುಖಕ್ಕೂ ಹೊಡೆಯಿತು, ಅವನ ಕನ್ನಡಕ ಪೂರ್ತಿ ಮಂಜಾಯಿತು. ತಳದಲ್ಲಿ ಒಂದು ತೊಟ್ಟು ನೀರಿಲ್ಲ. ಅತ್ತೆ ಮೇಲಿನ ಸಾಲಿನಿಂದ ಒಂದು ಲೋಟ ತೆಗೆದು, ಆರಲು ಬಿಟ್ಟು, ನೀರು ತುಂಬಿ ಅವನ ಕೈಗೆ ಕೊಟ್ಟು ನಿಂತರು. ಅವನ ತೋಳು ಏಳತೊಡಗಿತು. ಅವನು ಅದನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಿದ. ಇನ್ನು ಮುಂದೆ ಈ ಮನೆಯಲ್ಲಿ ಲೋಟ ನೋಡಿ ಕುಡಿಯುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ. ಕಣ್ಣು ಮುಚ್ಚಿಕೊಂಡು ಲೋಟವನ್ನು ತುಟಿಗೆ ಒಯ್ದ.

"ಅಯ್ಯೋ, ಇವತ್ತಾದ್ರೂ ನೋಡೋ!" ಎಂದರು ಅತ್ತೆ, ತಡೆಯಲಾರದೆ. "ಇಷ್ಟೆಲ್ಲ ಒದ್ದಾಡಿದ್ದು ಯಾಕೆ ಮತ್ತೆ? ಹಿಡಿಯೋ ಬೆಳಕಿಗೆ!"

ಅವರಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು, ಗೊತ್ತಾದುದನ್ನು ತೋರಿಸಿದರೆ ಎಲ್ಲಿ ತಿದ್ದಿಕೊಂಡುಬಿಡುತ್ತಾರೋ ಎಂದು ಉಸಿರು ಬಿಗಿಹಿಡಿದು, ಕನ್ನಡಕವನ್ನು ಅಂಗಿಯ ಅಂಚಿನಲ್ಲಿ ಒರೆಸಿ ಹಾಕಿಕೊಂಡು, ಲೋಟವನ್ನು ಕಿಟಕಿಯ ಕಡೆ ಎತ್ತಿ ಹಿಡಿದ. ಗಾಜು ಇದೆಯೋ ಇಲ್ಲವೋ ಎಂಬಷ್ಟು ತಿಳಿಯಾಗಿತ್ತು. ಅದರಾಚೆ ಅತ್ತೆಯ ಮುಖ, ನೀರಿನಲ್ಲಿ ಸ್ವಲ್ಪ ಅಗಲವಾಗಿ, ಮೂಗಿನ ತುದಿ ಇನ್ನೂ ಕೆಂಪಾಗಿ, ಕಾಯುತ್ತಿತ್ತು. ಅವನು ಅದನ್ನು ಸಾವಕಾಶವಾಗಿ ನೋಡಿದ.

"ಹೇಗಿದೆ?" ಎಂದರು.

"ಚೆನ್ನಾಗಿ ಕಾಣುತ್ತೆ ಅತ್ತೆ" ಎಂದು ಹೇಳಿ ನೀರು ಕುಡಿದ.